ಮನೆ ಕೆಲಸ ಅರ್ಧಕ್ಕೆ ನಿಂತ್ರೆ ಮೊದಲು ಟೇಪ್ ಹಿಡೀರಿ: ಗುತ್ತೇದಾರರ ಜತೆ ರೊಕ್ಕದ ತಕರಾರು ಬಂದಾಗ ಏನು ಮಾಡಬೇಕು?

ರಾಯಚೂರು: "ಮಳೆಗಾಲಕ್ಕೆ ಮುಂಚೆ ಮುಗಿಸಿ ಕೊಡ್ತೀನ್ರಿ" ಎಂದಿದ್ದ ಗುತ್ತೇದಾರ ಈಗ ಫೋನ್ ಎತ್ತುತ್ತಿಲ್ಲ. ಹಳೇ ಮಣ್ಣಿನ ಮಾಳಿಗೆ ಕೆಡವಿ ಆಗಿದೆ, ಹೊಸ ಸ್ಲ್ಯಾಬ್ ಬಿದ್ದಿಲ್ಲ. ತಲೆ ಮೇಲೆ ತಾಡಪತ್ರಿ, ಸಾಮಾನೆಲ್ಲ ಪಕ್ಕದ ಮನೆಯಲ್ಲಿ. ಮಾತಾಡಿದ ರೊಕ್ಕದಲ್ಲಿ ಮುಕ್ಕಾಲು ಪಾಲು ಕೊಟ್ಟಾಗಿದೆ, ಕೆಲಸ ಮಾತ್ರ ಅರ್ಧಕ್ಕೂ ಬಂದಿಲ್ಲ. ರಾಯಚೂರು ನಗರದಲ್ಲಾಗಲಿ, ದೇವದುರ್ಗ, ಮಾನ್ವಿಯಲ್ಲಾಗಲಿ ಮನೆ ರಿಪೇರಿ ಮಾಡಿಸಿದವರ ಮುಂದೆ ಈ ಮಾತು ತೆಗೆದರೆ "ನಮ್ದೂ ಹಿಂಗೇ ಆಗಿತ್ತು" ಎನ್ನುವವರು ಸಿಗುತ್ತಾರೆ.

ಇಂಥ ಹೊತ್ತಿನಲ್ಲಿ ಕೆಲವರು ಗುತ್ತೇದಾರನ ಮನೆ ಮುಂದೆ ಹೋಗಿ ಜಗಳ ಮಾಡ್ತಾರೆ. ಕೆಲವರು ಸಿಟ್ಟಿಗೆ ಬೇರೆ ಗೌಂಡಿಯನ್ನ ಕರೆದು ಮರುದಿನವೇ ಕೆಲಸ ಶುರು ಮಾಡಿಸ್ತಾರೆ. ಇನ್ನು ಕೆಲವರು "ಇನ್ನೊಂದು ಐವತ್ತು ಸಾವಿರ ಕೊಟ್ರೆ ಮುಗಿಸ್ತಾನೇನೋ" ಅಂತ ಮತ್ತೆ ರೊಕ್ಕ ಕೊಡ್ತಾರೆ. ಜಗಳದಿಂದ ಆಗುವ ನಷ್ಟ ಕಡಿಮೆ. ಉಳಿದ ಎರಡರಿಂದ ಆಗುವ ನಷ್ಟ ದೊಡ್ಡದು. ಒಂದರಲ್ಲಿ ಕೈಯಲ್ಲಿದ್ದ ರೊಕ್ಕ ಹೋಗುತ್ತೆ, ಇನ್ನೊಂದರಲ್ಲಿ ಮೊದಲನೆಯವನು ಎಷ್ಟು ಕೆಲಸ ಮಾಡಿದ್ದ ಅನ್ನೋ ಸಾಕ್ಷಿಯೇ ಅಳಿಸಿ ಹೋಗುತ್ತೆ.

ಕೆಲಸ ನಿಂತ ಮೇಲೆ ಮೊದಲು ಮಾಡಬೇಕಾದ್ದು ಅಳತೆ. ಎಷ್ಟು ಆಗಿದೆ, ಎಷ್ಟು ಬಾಕಿ ಇದೆ ಅನ್ನೋದು ಕಾಗದದ ಮೇಲೆ ಬಂದರೆ ಮುಂದಿನ ಮಾತು, ಪತ್ರ, ಕೇಸು ಎಲ್ಲಕ್ಕೂ ಅದೇ ಆಧಾರ. ಅದಕ್ಕೂ ಮೊದಲು ಇದು ನಿಜವಾದ ತಡವೋ, ಸತಾಯಿಸುವ ತಡವೋ ನೋಡಿಕೊಳ್ಳಬೇಕು.

ಎಲ್ಲ ತಡವೂ ಮೋಸ ಅಲ್ಲ

ಸ್ಲ್ಯಾಬ್ ಹಾಕಿದ ಮರುವಾರವೇ "ಗಿಲಾವ್ ಯಾಕೆ ಶುರು ಆಗಿಲ್ಲ" ಅಂತ ಕೇಳುವ ಮಾಲೀಕರೂ ಇದ್ದಾರೆ. ಕಾಂಕ್ರೀಟ್ ಕೆಲಸಕ್ಕೆ ದೇಶದಲ್ಲಿ ಬಳಸುವ ಮಾನಕ ಐಎಸ್ 456. ಅದರ ಪ್ರಕಾರ 4.5 ಮೀಟರ್‌ವರೆಗಿನ, ಅಂದರೆ ಸುಮಾರು 15 ಅಡಿ ಅಗಲದ ಕೋಣೆಯ ಸ್ಲ್ಯಾಬ್ ಕೆಳಗಿನ ಆಧಾರಗಳನ್ನ ಕನಿಷ್ಠ 7 ದಿನ ತೆಗೆಯುವ ಹಾಗಿಲ್ಲ. ಅದಕ್ಕಿಂತ ಅಗಲ ಇದ್ದರೆ 14 ದಿನ. ನೀರು ಉಣಿಸುವುದಕ್ಕೂ ಲೆಕ್ಕ ಇದೆ. ಸಾದಾ ಸಿಮೆಂಟಾದರೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಾದರೆ 10 ದಿನ. ಬಿಸಿಲು ಜಾಸ್ತಿ ಇರುವ ಒಣ ಹವೆಯಲ್ಲಿ ಇದು 10 ಮತ್ತು 14 ದಿನಕ್ಕೆ ಏರುತ್ತೆ. ರಾಯಚೂರಿನ ಏಪ್ರಿಲ್, ಮೇ ತಿಂಗಳು ಗೊತ್ತೇ ಇದೆ. ಹಾಗಾಗಿ ಸ್ಲ್ಯಾಬ್ ಆದ ಮೇಲೆ ಎರಡು ವಾರ ಕೆಲಸ ಕಾಣದಿದ್ದರೆ ಅದು ತಡ ಅಲ್ಲ. ಆ ಎರಡು ವಾರದಲ್ಲಿ ದಿನಾ ನೀರು ಬೀಳ್ತಿದೆಯೋ ಇಲ್ಲವೋ ಅನ್ನೋದನ್ನ ಮಾತ್ರ ನೋಡಬೇಕು.

ಉಸುಕಿನ ಕಥೆ ಬೇರೆ. ದೇವದುರ್ಗದ ಕಡೆ ಕೃಷ್ಣಾ, ಮಾನ್ವಿ ಕಡೆ ತುಂಗಭದ್ರಾ. ಹೊಳೆ ತುಂಬಿ ಹರಿಯುವಾಗ ಉಸುಕು ತೆಗೆಯಲು ಆಗಲ್ಲ. ಅಕ್ರಮ ಸಾಗಣೆ ಮೇಲೆ ತಹಶೀಲ್ದಾರರು, ಪೊಲೀಸರು ದಾಳಿ ಮಾಡಿದ ವಾರ ಟ್ರ್ಯಾಕ್ಟರ್‌ಗಳೆಲ್ಲ ಮಾಯ, ದರ ಏರಿರುತ್ತೆ. ಇದು ಸಣ್ಣ ದಂಧೆಯಲ್ಲ. 2018ರ ಡಿಸೆಂಬರ್‌ನಲ್ಲಿ ಮಾನ್ವಿ ತಾಲ್ಲೂಕಿನಲ್ಲಿ ಉಸುಕಿನ ಲಾರಿ ತಡೆಯಲು ಹೋದ ಗ್ರಾಮ ಲೆಕ್ಕಾಧಿಕಾರಿಯೊಬ್ಬರು ಲಾರಿ ಹರಿದು ಪ್ರಾಣ ಕಳೆದುಕೊಂಡರು. ಮನೆ ಮಾಲೀಕರು ಗುತ್ತೇದಾರನಿಗೆ ಕೇಳಬೇಕಾದ ಮಾತು ಇಷ್ಟೆ: ಉಸುಕಿಗೆ ಪರ್ಮಿಟ್ ಚೀಟಿ ಇದೆಯಾ? ಇಲ್ಲದಿದ್ದರೆ ಎಂ-ಸ್ಯಾಂಡ್‌ನಲ್ಲಿ ಕೆಲಸ ಮಾಡಲು ಏನು ಅಡ್ಡಿ? "ಉಸುಕಿಲ್ಲ" ಅನ್ನೋ ಕಾರಣ ಒಂದೆರಡು ವಾರಕ್ಕೆ ಒಪ್ಪಬಹುದು. ಮೂರು ತಿಂಗಳಿಗೆ ಒಪ್ಪಲು ಆಗಲ್ಲ.

ಆಳುಗಳದ್ದೂ ನಿಜವಾದ ಸಮಸ್ಯೆ. ದೇವದುರ್ಗ, ಮಾನ್ವಿಯ ಹಳ್ಳಿಗಳಿಂದ ಕಟ್ಟಡ ಕೆಲಸಕ್ಕೆ ಬೆಂಗಳೂರು, ಹೈದರಾಬಾದ್‌ಗೆ ಗುಳೆ ಹೋಗುವವರು ಬಹಳ. ಹತ್ತಿ ಬಿಡಿಸುವಾಗ, ಭತ್ತದ ನಾಟಿ, ಕೊಯ್ಲಿನ ವೇಳೆ ಉಳಿದವರೂ ಹೊಲಕ್ಕೆ ಹೋಗ್ತಾರೆ. ಅಮಾವಾಸ್ಯೆಗೆ ಕೆಲಸ ಇಲ್ಲ, ಮೊಹರಂಗೆ ಇಲ್ಲ, ಊರ ಜಾತ್ರೆಗೆ ಇಲ್ಲ. ಇದನ್ನೆಲ್ಲ ಮೊದಲೇ ಲೆಕ್ಕ ಹಿಡಿದು ದಿನ ಹೇಳುವವನೇ ಕೆಲಸ ಬಲ್ಲ ಗುತ್ತೇದಾರ.

ಮಾಲೀಕರ ತಪ್ಪೂ ಇರುತ್ತೆ. ಗೋಡೆ ಎದ್ದ ಮೇಲೆ "ಬಚ್ಚಲು ಇಲ್ಲಿ ಬ್ಯಾಡ, ಅಲ್ಲಿ ಮಾಡು" ಅನ್ನುವುದು, ಟೈಲ್ಸ್ ಆರಿಸಲು ತಿಂಗಳು ತೆಗೆದುಕೊಳ್ಳುವುದು, ಹತ್ತಿ ಮಾರಿದ ಮೇಲೆ ಕೊಡ್ತೀನಿ ಅಂತ ಬಟವಾಡೆ ನಿಲ್ಲಿಸುವುದು. ಹೀಗೆ ಆಗಿದ್ದರೆ ಮುಂದೆ ಯಾವ ಕಚೇರಿಗೆ ಹೋದರೂ ಗುತ್ತೇದಾರ ಮೊದಲು ಎತ್ತಿ ತೋರಿಸುವುದು ಇದನ್ನೇ.

ಹಾಗಾದರೆ ಸತಾಯಿಸುತ್ತಿದ್ದಾನೆ ಅಂತ ತಿಳಿಯೋದು ಹೇಗೆ? ಒಂದು ಸರಳ ಪರೀಕ್ಷೆ ಇದೆ. "ಸಾಮಾನು ನಾನೇ ಅಂಗಡಿಯಿಂದ ತರಿಸಿ ಹಾಕಿಸ್ತೀನಿ. ಗೌಂಡಿಗಳು ಯಾವತ್ತು ಬರ್ತಾರೆ ಹೇಳು" ಅನ್ನಿ. ಕೆಲಸ ಮಾಡುವ ಮನಸ್ಸಿದ್ದವನು ದಿನ ಹೇಳ್ತಾನೆ. "ಇಲ್ರಿ ಸಾವ್ಕಾರ್ರ, ರೊಕ್ಕ ನನ್ನ ಕೈಗೇ ಕೊಡ್ರಿ" ಅಂತ ಹಟ ಹಿಡಿದರೆ, ನಿಮ್ಮ ರೊಕ್ಕ ಇನ್ಯಾರದೋ ಮನೆ ಸ್ಲ್ಯಾಬ್‌ಗೆ ಹೋಗಿರುವ ಸಾಧ್ಯತೆ ಜಾಸ್ತಿ. ಏಕಕಾಲಕ್ಕೆ ನಾಲ್ಕೈದು ಕಡೆ ಅಡ್ವಾನ್ಸ್ ಹಿಡಿದು, ಅವನ ಟೋಪಿ ಇವನಿಗೆ ಹಾಕುತ್ತ ಓಡಾಡುವವರಿಗೆ ಹೊಸ ಅಡ್ವಾನ್ಸ್ ಸಿಗದ ದಿನ ಎಲ್ಲ ಕೆಲಸಗಳೂ ಒಟ್ಟಿಗೆ ನಿಲ್ಲುತ್ತವೆ.

ಅಳತೆ ಹೇಗೆ?

ಪರಿಚಯದ ಸಿವಿಲ್ ಎಂಜಿನಿಯರ್ ಇದ್ದರೆ ಕರೆಸಬೇಕು. ಡಿಪ್ಲೊಮಾ ಆದವರಾದರೂ ಸರಿ, ಆದರೆ ಗುತ್ತೇದಾರನ ಕಡೆಯವರಾಗಲಿ, ಮುಂದೆ ಅದೇ ಕೆಲಸ ಹಿಡಿಯುವವರಾಗಲಿ ಬೇಡ. ಅವರಿಗೆ ಕೊಡುವ ಫೀ ದುಬಾರಿ ಅನ್ನಿಸಬಹುದು. ಲಕ್ಷಾಂತರದ ತಕರಾರಿನಲ್ಲಿ ಅದು ದೊಡ್ಡದಲ್ಲ. ಅಳತೆ ಮಾಡುವ ದಿನ, ವೇಳೆಯನ್ನ ಎರಡು ಮೂರು ದಿನ ಮೊದಲೇ ಗುತ್ತೇದಾರನಿಗೆ ವಾಟ್ಸ್ಆ್ಯಪ್‌ನಲ್ಲಿ ತಿಳಿಸಿ, "ನೀವೂ ಬನ್ನಿ, ನಿಮ್ಮ ಮುಂದೇ ಅಳೆಯೋಣ" ಅಂತ ಕರೆಯಬೇಕು. ಬಂದರೆ ಒಳ್ಳೆಯದು. ಬಾರದಿದ್ದರೆ ಕರೆದಿದ್ದಕ್ಕೆ ಮೆಸೇಜೇ ಸಾಕ್ಷಿ.

ಆಮೇಲೆ ಒಂದೊಂದೇ ಬರೆಯುತ್ತ ಹೋಗಬೇಕು. ಇಟ್ಟಂಗಿ ಗೋಡೆ ಎಷ್ಟು ಉದ್ದ, ಎಷ್ಟು ಎತ್ತರ. ಸ್ಲ್ಯಾಬ್ ಎಷ್ಟು ಚದರ ಅಡಿ. ಗಿಲಾವ್ ಒಳಗೆ ಎಷ್ಟು, ಹೊರಗೆ ಎಷ್ಟು. ನೆಲಕ್ಕೆ ಪರ್ಸಿ ಕಲ್ಲೋ ಟೈಲ್ಸೋ ಎಷ್ಟು ಕೂತಿದೆ. ನಲ್ಲಿ ಪೈಪು, ವೈರಿಂಗ್ ಎಲ್ಲಿಗೆ ಬಂದು ನಿಂತಿದೆ. ಕೆಟ್ಟ ಕೆಲಸಕ್ಕೆ ಬೇರೆ ಹಾಳೆ: ಎಲ್ಲಿ ಬಿರುಕು, ಎಲ್ಲಿ ಸೋರಿಕೆ, ಯಾವ ಗೋಡೆ ಸೊಟ್ಟ. ಅಂಗಳದಲ್ಲಿ ಉಳಿದಿರುವ ಸಿಮೆಂಟ್ ಚೀಲ, ಕಬ್ಬಿಣ, ಖಡಿಯನ್ನೂ ಎಣಿಸಿ ಬರೆಯಬೇಕು. ಎಂಜಿನಿಯರ್ ಸಹಿ, ತಾರೀಖು, ಇಬ್ಬರು ಸಾಕ್ಷಿಗಳ ಸಹಿ. ಫೋಟೊ ತೆಗೆಯುವಾಗ ಟೇಪು ಫೋಟೊದಲ್ಲಿ ಕಾಣುವ ಹಾಗೆ ಹಿಡಿಯಬೇಕು. ಒಂದು ವಿಡಿಯೊ ಬಾಗಿಲಿನಿಂದ ಶುರು ಮಾಡಿ ಮನೆಯೆಲ್ಲ ಸುತ್ತಿ ಬರಬೇಕು.

ಇದೆಲ್ಲ ಯಾಕೆ ಅಂದರೆ, ಹೊಸ ಗೌಂಡಿ ಒಂದು ದಿನ ಕೆಲಸ ಮಾಡಿದ ಮೇಲೆ ಯಾವುದು ಯಾರ ಕೆಲಸ ಅಂತ ಹೇಳಲು ಯಾರಿಗೂ ಆಗಲ್ಲ. ಸೋರುವ ಮೂಲೆಯನ್ನ ಹೊಸಬ ಒಡೆದು ಸರಿ ಮಾಡಿಬಿಟ್ಟರೆ, ಹಳಬ "ನನ್ನ ಕೆಲಸ ಚಲೋನೇ ಇತ್ತು" ಅಂದಾಗ ತೋರಿಸಲು ಏನೂ ಉಳಿಯಲ್ಲ.

ಈಗ ಲೆಕ್ಕ. ಉದಾಹರಣೆಗೆ, ಸಾಮಾನು ಸಮೇತ 6 ಲಕ್ಷಕ್ಕೆ ಕೆಲಸ ಮಾತಾಗಿದೆ ಅಂತಿಟ್ಟುಕೊಳ್ಳಿ. ಕೊಟ್ಟಿದ್ದು 4.5 ಲಕ್ಷ. ಎಂಜಿನಿಯರ್ ಅಳೆದು, ಆದ ಕೆಲಸದ ಬೆಲೆ 2.8 ಲಕ್ಷ ಅಂದರು. ಅಲ್ಲಿಗೆ ಕೆಲಸಕ್ಕಿಂತ 1.7 ಲಕ್ಷ ಹೆಚ್ಚು ಹೋಗಿದೆ. ಉಳಿದ ಕೆಲಸಕ್ಕೆ ಹೊಸಬ 4 ಲಕ್ಷ ಕೇಳ್ತಾನೆ, ಯಾಕೆಂದರೆ ಅರ್ಧ ಬಿಟ್ಟ ಕೆಲಸ ಹಿಡಿಯಲು ಯಾರೂ ಹಳೇ ದರಕ್ಕೆ ಒಪ್ಪಲ್ಲ. ಆಗ ಮನೆಗೆ ಬೀಳುವ ಒಟ್ಟು ಖರ್ಚು 8.5 ಲಕ್ಷ. ಮೊದಲು ಮಾತಾಗಿದ್ದು 6 ಲಕ್ಷ. ಕೇಳಬೇಕಾದ ನಷ್ಟ 2.5 ಲಕ್ಷ. 1872ರ ಭಾರತೀಯ ಕರಾರು ಕಾಯ್ದೆಯ ಕಲಂ 73 ಕೊಡಿಸುವುದು ಇಂಥ ನಷ್ಟವನ್ನೇ: ಕರಾರು ಮುರಿದಿದ್ದರಿಂದ ಸಹಜವಾಗಿ ಆದ ನಷ್ಟ. ಬಹಳ ಮಂದಿ "ಕೊಟ್ಟ ರೊಕ್ಕ ಪೂರಾ ವಾಪಸ್ ಬೇಕು" ಅಂತ ಹಟ ಹಿಡಿದು ಕೇಸನ್ನ ತಾವೇ ಸಡಿಲ ಮಾಡಿಕೊಳ್ತಾರೆ. ಆದ ಕೆಲಸದ ಬೆಲೆ ಒಪ್ಪಿ, ಉಳಿದಿದ್ದನ್ನ ಲೆಕ್ಕ ಹಾಕಿ ಕೇಳಿದರೆ ಎದುರಿನವನಿಗೂ ಬಗ್ಗಲು ಜಾಗ ಇರುತ್ತೆ.

ಒಂದು ಎಚ್ಚರಿಕೆ. ಸಿಟ್ಟಿನಲ್ಲಿ ಗುತ್ತೇದಾರನ ಸೆಂಟ್ರಿಂಗ್ ಪ್ಲೇಟು, ಮಿಕ್ಸರ್ ಹಿಡಿದಿಟ್ಟುಕೊಳ್ಳುವುದು ಬೇಡ. ಅವು ಎಷ್ಟೋ ಸಲ ಬಾಡಿಗೆಯವು, ದಿನದ ಬಾಡಿಗೆ ಓಡ್ತಿರುತ್ತೆ. ಪ್ಲೇಟಿನ ಮಾಲೀಕ ಪೊಲೀಸ್ ಠಾಣೆಗೆ ಹೋದರೆ ನ್ಯಾಯ ಕೇಳಬೇಕಾದ ಮನೆಯವರೇ ಉತ್ತರ ಹೇಳುತ್ತ ನಿಲ್ಲಬೇಕಾಗುತ್ತೆ. ಎಣಿಸಿ, ಸಹಿ ಹಾಕಿಸಿಕೊಂಡು ಕೊಟ್ಟು ಕಳಿಸುವುದೇ ಲೇಸು.

ಒಂದು ಹಾಳೆಯ ನೋಟಿಸು

ಅಳತೆ ಆದ ಮೇಲೆ ಪತ್ರ. ವಕೀಲರ ಕೈಲಿ ಬರೆಸಿದರೆ ತೂಕ ಜಾಸ್ತಿ. ಆದರೆ ಸ್ವಂತ ಬರೆದರೂ ನಡೆಯುತ್ತೆ. ಧಾಟಿ ಹೀಗಿರಲಿ:

"ನೀವು ನಮ್ಮ ಮನೆಯ ದುರಸ್ತಿ ಕೆಲಸವನ್ನು ___ ರೂಪಾಯಿಗೆ ಒಪ್ಪಿ, ___ ತಾರೀಖಿನೊಳಗೆ ಮುಗಿಸುವುದಾಗಿ ಹೇಳಿದ್ದೀರಿ. ಇಲ್ಲಿಯವರೆಗೆ ನಿಮಗೆ ___ ರೂಪಾಯಿ ಸಂದಾಯವಾಗಿದೆ. ___ ತಾರೀಖಿನಿಂದ ಕೆಲಸ ನಿಂತಿದೆ. ___ ತಾರೀಖು ಮಾಡಿದ ಅಳತೆಯ ಪ್ರತಿ ಲಗತ್ತಿಸಿದೆ. ಈ ಪತ್ರ ತಲುಪಿದ 15 ದಿನದೊಳಗೆ ಕೆಲಸ ಮತ್ತೆ ಆರಂಭಿಸಬೇಕು. ತಪ್ಪಿದಲ್ಲಿ ಬಾಕಿ ಕೆಲಸವನ್ನು ಬೇರೆಯವರಿಂದ ಮಾಡಿಸಿ, ಆಗುವ ಹೆಚ್ಚಿನ ಖರ್ಚನ್ನು ನಿಮ್ಮಿಂದ ವಸೂಲು ಮಾಡಲು ಕಾನೂನು ಕ್ರಮ ಜರುಗಿಸಲಾಗುವುದು."

ಬೈಗುಳ ಬೇಡ, "ಮೋಸಗಾರ" ಅನ್ನೋ ಪದವೂ ಬೇಡ. ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ್ದಕ್ಕೆ ಸ್ವೀಕೃತಿ ಕೇಳಬೇಕು. ಹಳೇ ರಿಜಿಸ್ಟರ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಳಗೇ ಸೇರಿಕೊಂಡಿದೆ. ಅದೇ ಪತ್ರದ ಫೋಟೊ ವಾಟ್ಸ್ಆ್ಯಪ್‌ಗೂ ಹಾಕಬೇಕು. ಆ ಚಾಟ್ ಇರುವ ಫೋನನ್ನ ಮಾರುವುದು, ಫಾರ್ಮ್ಯಾಟ್ ಮಾಡುವುದು ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಡಿಜಿಟಲ್ ದಾಖಲೆಗೆ ಬೆಲೆ ಇದೆ. ಆದರೆ ಪ್ರಮಾಣಪತ್ರದ ಜತೆ ಕೊಡಬೇಕು. ಅದನ್ನ ವಕೀಲರು ಮಾಡಿಕೊಡ್ತಾರೆ.

ನಮ್ಮದು ಬರೀ ಬಾಯಿ ಮಾತು, ಬಾಂಡ್ ಪೇಪರ್ ಇಲ್ಲ ಅನ್ನುವವರೇ ಹೆಚ್ಚು. ಬಾಯಿ ಮಾತಿನ ಕರಾರೂ ಕರಾರೇ. ಅದನ್ನ ಸಾಬೀತು ಮಾಡುವುದಷ್ಟೇ ಕಷ್ಟ. ಫೋನ್‌ಪೇ, ಗೂಗಲ್‌ಪೇ ದಾಖಲೆ, ಬ್ಯಾಂಕ್ ಪಾಸ್‌ಬುಕ್, "ಅಣ್ಣಾರ, ಇನ್ನ 20 ಸಾವಿರ ಹಾಕ್ರಿ" ಅಂತ ಆತ ಕಳಿಸಿದ ವಾಯ್ಸ್ ಮೆಸೇಜು, ಇವೆಲ್ಲ ಸೇರಿದರೆ ಕರಾರು ಇತ್ತು ಅಂತ ತೋರಿಸಬಹುದು. ಪೂರಾ ನಗದು ಕೊಟ್ಟವರಿಗೆ ಮಾತ್ರ ತ್ರಾಸು. ಅಂದಹಾಗೆ ಆದಾಯ ತೆರಿಗೆ ಕಾನೂನಿನ ಪ್ರಕಾರ ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ. ಈ ನಿಯಮ 2017ರಿಂದ ಇದೆ, ದಂಡ ಬೀಳುವುದು ತೆಗೆದುಕೊಂಡವನಿಗೆ.

ಅಂಗಡಿಯವರ ಉದ್ರಿ

ಈ ಜಗಳದಲ್ಲಿ ಮೂರನೆಯವರೂ ಇದ್ದಾರೆ. ಸಿಮೆಂಟ್, ಹಾರ್ಡ್‌ವೇರ್, ಟೈಲ್ಸ್ ಅಂಗಡಿಯವರು. ಗುತ್ತೇದಾರ ಬಂದು "ಇಂಥವರ ಮನೆ ಕೆಲಸ, ಅವರ ಹೆಸರಿಗೆ ಬರ್ಕೊಳ್ರಿ" ಅಂತಾನೆ. ಚೀಲಗಳು ಆ ಮನೆಗೂ ಹೋಗಬಹುದು, ಬೇರೆ ಮನೆಗೂ ಹೋಗಬಹುದು. ಆರು ತಿಂಗಳಾದ ಮೇಲೆ ಅಂಗಡಿಯವರು ಮನೆ ಬಾಗಿಲಿಗೆ ಬಂದಾಗ ಮಾಲೀಕರು "ನಾವು ಅವನಿಗೆ ಕೊಟ್ಟಾಗಿದೆ" ಅಂತಾರೆ. ಇಬ್ಬರದೂ ನಿಜ, ನಡುವಿನವನು ಊರಲ್ಲಿಲ್ಲ.

ಕಾನೂನಿನ ಸಾಮಾನ್ಯ ಲೆಕ್ಕ ಸರಳ. ಯಾರು ಆರ್ಡರ್ ಕೊಟ್ಟರೋ ಅವರೇ ಬಾಕಿದಾರರು. ಆದರೆ "ಗುತ್ತೇದಾರ ನನ್ನ ಪರವಾಗಿ ತರ್ತಾನೆ" ಅಂತ ಅಂಗಡಿಯವರು ನಂಬುವ ಹಾಗೆ ಮಾಲೀಕರೇ ನಡೆದುಕೊಂಡಿದ್ದರೆ, ಅಂದರೆ ಹಿಂದಿನ ಎರಡು ಬಿಲ್ಲು ತಾವೇ ಅಂಗಡಿಗೆ ಹೋಗಿ ಕಟ್ಟಿದ್ದರೆ, ಮೂರನೇ ಬಿಲ್ಲೂ ಅವರ ತಲೆಗೇ ಬರಬಹುದು. ಹಾಗಾಗಿ ಗುತ್ತೇದಾರನನ್ನ ಬಿಡಿಸಿದ ದಿನವೇ ಸಾಮಾನು ತರುತ್ತಿದ್ದ ಅಂಗಡಿಗಳಿಗೆಲ್ಲ "ಇವತ್ತಿನಿಂದ ನಮ್ಮ ಹೆಸರಿಗೆ ಇವರಿಗೆ ಸಾಮಾನು ಕೊಡಬೇಡಿ" ಅಂತ ಮೆಸೇಜ್ ಕಳಿಸುವುದು ಮಾಲೀಕರಿಗೆ ಕ್ಷೇಮ.

ಅಂಗಡಿಯವರಿಗೆ ಕ್ಷೇಮ ಬೇರೆ. ಮೊದಲನೇ ಲೋಡು ಇಳಿಸುವ ಮುಂಚೆ ಮನೆ ಮಾಲೀಕರಿಗೇ ಫೋನ್ ಮಾಡಿ "ರೊಕ್ಕ ಕೊಡೋರು ಯಾರ್ರಿ?" ಅಂತ ಕೇಳಿ, ಉತ್ತರವನ್ನ ಮೆಸೇಜಿನಲ್ಲಿ ತರಿಸಿಕೊಳ್ಳಬೇಕು. ಡೆಲಿವರಿ ಚೀಟಿಗೆ ಮನೆಯವರೊಬ್ಬರ ಸಹಿ ಇರಲಿ. ಮಾರಿದ ಸಾಮಾನಿನ ರೊಕ್ಕಕ್ಕೆ ದಾವೆ ಹಾಕಲು ಸಾಮಾನ್ಯವಾಗಿ 3 ವರ್ಷ ಮಿತಿ. ಆ ಅವಧಿಯೊಳಗೆ ಬಾಕಿದಾರ ಲೆಕ್ಕದ ಪುಸ್ತಕದಲ್ಲಿ "ಇಷ್ಟು ಬಾಕಿ ಇದೆ" ಅಂತ ಸಹಿ ಹಾಕಿದರೆ ಮಿತಿ ಮತ್ತೆ ಹೊಸದಾಗಿ ಎಣಿಕೆ ಆಗುತ್ತೆ. ಪ್ರತಿ ವರ್ಷ ದೀಪಾವಳಿ ಹೊತ್ತಿಗೆ ಹಳೇ ಉದ್ರಿಗೆ ಒಂದು ಸಹಿ ಹಾಕಿಸಿಕೊಳ್ಳುವ ಪದ್ಧತಿ ಇಟ್ಟುಕೊಂಡರೆ ಚಲೋ.

ಮಾಲೀಕರಿಗೆ ಇನ್ನೊಂದು ಸಂಗತಿ. ಸಿಮೆಂಟ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಅದಕ್ಕೂ ಮುಂಚೆ ದರ ಮಾತಾಡಿ, ಈಗ "ಸಿಮೆಂಟ್ ತುಟ್ಟಿ ಆಗ್ಯಾದ್ರಿ, ಇನ್ನೊಂದಿಷ್ಟು ಕೊಡ್ರಿ" ಅನ್ನುವ ಗುತ್ತೇದಾರನಿಗೆ ಅಂಗಡಿ ಬಿಲ್ಲು ತೋರಿಸಲು ಹೇಳಬಹುದು.

ಇನ್ನೂ ಶುರು ಮಾಡದವರಿಗೆ

ಬಸವ ವಸತಿ, ಪಿಎಂ ಆವಾಸ್ ಮನೆಗಳಿಗೆ ಸರ್ಕಾರ ರೊಕ್ಕ ಬಿಡುಗಡೆ ಮಾಡುವ ರೀತಿ ಈ ಭಾಗದ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ತಳಪಾಯ ಆದ ಮೇಲೆ ಫೋಟೊ, ಒಂದು ಕಂತು. ಲಿಂಟಲ್‌ಗೆ ಬಂದ ಮೇಲೆ ಇನ್ನೊಂದು. ಚಾವಣಿಗೆ ಮತ್ತೊಂದು. ಕಂತು ತಡ ಆಗುತ್ತೆ ಅಂತ ಬೈಯುತ್ತೇವೆ, ಅದು ಬೇರೆ ಮಾತು. ಆದರೆ ಕೆಲಸ ಮುಂದೆ, ರೊಕ್ಕ ಹಿಂದೆ ಅನ್ನೋ ಪದ್ಧತಿ ಸರಿಯಾಗಿದೆ. ಸ್ವಂತ ರೊಕ್ಕದಲ್ಲಿ ಕೆಲಸ ಮಾಡಿಸುವಾಗ ಮಾತ್ರ ಅದನ್ನ ಮರೆತು ಅರ್ಧ ರೊಕ್ಕ ಮೊದಲೇ ಕೊಟ್ಟುಬಿಡ್ತೇವೆ.

ಸಾಮಾನು ಸಮೇತ ಗುತ್ತಿಗೆ ಆದರೆ ಹೀಗೆ ಹಂಚಬಹುದು: ಶುರುವಿಗೆ ಶೇ 10, ಸ್ಲ್ಯಾಬ್ ಬಿದ್ದ ಮೇಲೆ ಶೇ 30, ಒಳಗೆ ಹೊರಗೆ ಗಿಲಾವ್ ಮುಗಿದ ಮೇಲೆ ಶೇ 25, ನೆಲ, ಪೈಪು, ವೈರಿಂಗ್ ಆದ ಮೇಲೆ ಶೇ 20, ಬಣ್ಣ ಮುಗಿದ ಮೇಲೆ ಶೇ 10. ಕೊನೆಯ ಶೇ 5 ಒಂದು ಮಳೆ ನೋಡಿದ ಮೇಲೆ. ಮಾಳಿಗೆ ಸೋರುತ್ತೋ ಇಲ್ಲವೋ ಆಗ ತಿಳಿಯುತ್ತೆ. ಶೇ 10 ಅಡ್ವಾನ್ಸಿನಲ್ಲಿ ಕಬ್ಬಿಣ, ಸಿಮೆಂಟ್ ತರಲು ಆಗಲ್ಲ ಅನ್ನುವ ಗುತ್ತೇದಾರನ ಮಾತಲ್ಲೂ ಅರ್ಥ ಇದೆ. ಹಾಗಿದ್ದರೆ ಸಾಮಾನಿನ ರೊಕ್ಕ ನೇರವಾಗಿ ಅಂಗಡಿಗೆ ಹಾಕಿ, ಬಿಲ್ಲು ಮಾಲೀಕರ ಹೆಸರಿಗೆ ತೆಗೆದುಕೊಂಡರೆ ಇಬ್ಬರಿಗೂ ನಡೆಯುತ್ತೆ.

ಬಾಂಡ್ ಪೇಪರ್ ಮೇಲೆ ಇರಬೇಕಾದ್ದು: ಏನು ಕೆಲಸ, ಯಾವ ಕಂಪನಿ ಸಾಮಾನು, ಒಟ್ಟು ದರ, ಕಂತು, ಮುಗಿಸುವ ತಾರೀಖು, ತಡವಾದರೆ ವಾರಕ್ಕೆ ಎಷ್ಟು ಕಡಿತ. ತಾರೀಖಿನ ಪಕ್ಕ "ಈ ಅವಧಿಯೇ ಕರಾರಿನ ಮುಖ್ಯ ಷರತ್ತು" ಅಂತ ಒಂದು ಸಾಲು ಇರಲಿ. ಕರಾರು ಕಾಯ್ದೆಯ ಕಲಂ 55ರಲ್ಲಿ ಆ ಸಾಲಿಗೆ ಬಹಳ ಬೆಲೆ. ಅದಿದ್ದರೆ ಅವಧಿ ಮೀರಿದ ಮೇಲೆ ಕರಾರು ರದ್ದು ಮಾಡುವ ಹಕ್ಕು ಬರುತ್ತೆ, ಇಲ್ಲದಿದ್ದರೆ ನಷ್ಟ ಕೇಳಬಹುದು ಅಷ್ಟೆ. ಕಡಿತದ ಮೊತ್ತ ಮನಸ್ಸಿಗೆ ಬಂದಷ್ಟು ದೊಡ್ಡದು ಬರೆದರೂ ಪೂರಾ ಸಿಗಲ್ಲ. ಕಲಂ 74ರ ಪ್ರಕಾರ ಅದರ ಮಿತಿಯೊಳಗೆ ನ್ಯಾಯವಾದ ಪರಿಹಾರ ಮಾತ್ರ.

ಹೆಚ್ಚುವರಿ ಕೆಲಸವೇ ಮುಂದೆ ದೊಡ್ಡ ಜಗಳ ತರುವುದು. "ಒಂದು ಸಜ್ಜಾ ಹಾಕಿಬಿಡು, ಕೊನೆಗೆ ನೋಡೋಣ" ಅಂದಿದ್ದು ಕೊನೆಗೆ 40 ಸಾವಿರದ ಬಿಲ್ಲಾಗಿ ಬರುತ್ತೆ. ಕೇಳಿ ಮಾಡಿಸಿಕೊಂಡ ಕೆಲಸಕ್ಕೆ ದರ ಮಾತಾಡಿಲ್ಲ ಅಂತ ರೊಕ್ಕ ಇಲ್ಲ ಅನ್ನಲು ಆಗಲ್ಲ. ಪುಕ್ಕಟೆ ಮಾಡಿಕೊಡುವ ಉದ್ದೇಶ ಇಲ್ಲದ ಕೆಲಸದ ಲಾಭ ಪಡೆದವರು ಅದರ ಬೆಲೆ ಕೊಡಬೇಕು ಅಂತ ಅದೇ ಕಾಯ್ದೆಯ ಕಲಂ 70 ಹೇಳುತ್ತೆ. ಹೇಳಿದ ದಿನವೇ ದರ ಮೆಸೇಜ್ ಮಾಡಿಬಿಟ್ಟರೆ ಜಗಳಕ್ಕೆ ಜಾಗ ಇರಲ್ಲ.

ಯಾವ ಕಚೇರಿಗೆ ಹೋಗಬೇಕು?

ಮೊದಲು ಹೋಗುವುದು ಪೊಲೀಸ್ ಠಾಣೆಗೆ. ಅಲ್ಲಿ "ಇದು ಸಿವಿಲ್ ಮ್ಯಾಟರ್" ಅಂತ ಕಳಿಸಿದರೆ ಬೇಜಾರಾಗುತ್ತೆ, ಆದರೆ ಸಾಮಾನ್ಯವಾಗಿ ಅದು ಸರಿಯೇ. ಕರಾರು ಮುರಿದ ಮಾತ್ರಕ್ಕೆ ವಂಚನೆ ಆಗಲ್ಲ, ಶುರುವಿನಿಂದಲೇ ಮೋಸದ ಉದ್ದೇಶ ಇದ್ದಿರಬೇಕು ಅಂತ ಸುಪ್ರೀಂ ಕೋರ್ಟ್ 2000ದಲ್ಲಿ ಸ್ಪಷ್ಟವಾಗಿ ಹೇಳಿದೆ. ಸುಳ್ಳು ಹೆಸರು, ಸುಳ್ಳು ವಿಳಾಸ ಕೊಟ್ಟು ಅಡ್ವಾನ್ಸ್ ಹಿಡಿದು ಒಂದು ದಿನವೂ ಕೆಲಸ ಮಾಡದೆ ಓಡಿದ್ದರೆ ದೂರು ಕೊಡಬಹುದು. ಬೆದರಿಕೆ ಹಾಕಿದ್ದರೂ ಕೊಡಬಹುದು. ಅರ್ಧ ಕೆಲಸ ಮಾಡಿ ಬಿಟ್ಟಿದ್ದರೆ ಕಷ್ಟ. ಕೆಲವರು ರೇರಾಕ್ಕೆ ಹೋಗ್ತೀವಿ ಅಂತಾರೆ. ಅದು ಮಾರಾಟದ ಫ್ಲ್ಯಾಟ್, ಲೇಔಟ್‌ಗಳಿಗೆ. ಸ್ವಂತ ಮನೆ ದುರಸ್ತಿ ಅಲ್ಲಿಗೆ ಬರಲ್ಲ.

ಮನೆ ಕೆಲಸಕ್ಕೆ ಸರಿಯಾದ ಜಾಗ ರಾಯಚೂರಿನ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. "ಗ್ರಾಹಕ ಕೋರ್ಟ್ ಅಂದ್ರೆ ಫ್ರಿಡ್ಜು, ಮೊಬೈಲಿಗೆ" ಅನ್ನುವ ತಿಳಿವಳಿಕೆ ತಪ್ಪು. ಮನೆ ಕಟ್ಟುವುದೂ ಸೇವೆಯೇ ಅಂತ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿತು. 2008ರ ಫಕೀರ್ ಚಂದ್ ಗುಲಾಟಿ ಪ್ರಕರಣದಲ್ಲಿ ಇನ್ನೂ ನೇರವಾಗಿ, ಜಾಗದ ಮಾಲೀಕ ಮನೆ ಕಟ್ಟಲು ಗುತ್ತೇದಾರನಿಗೆ ವಹಿಸಿದ್ದು ಆ ಕೆಲಸದಲ್ಲಿ ಲೋಪ ಆದರೆ ಗ್ರಾಹಕ ದೂರು ನಿಲ್ಲುತ್ತೆ ಅಂದಿತು.

ಕೊಟ್ಟ ರೊಕ್ಕ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗವೇ ಸಾಕು. ಕೊಟ್ಟಿದ್ದು 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000. ವಕೀಲರು ಇಲ್ಲದೆಯೂ ವಾದಿಸಬಹುದು. ಗುತ್ತೇದಾರ ಆಂಧ್ರದವನೋ ತೆಲಂಗಾಣದವನೋ ಆಗಿದ್ದರೂ 2019ರ ಕಾಯ್ದೆ ಬಂದ ಮೇಲೆ ದೂರುದಾರರು ತಾವು ವಾಸ ಇರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ಗಡಿ ಜಿಲ್ಲೆಯವರಿಗೆ ಇದು ದೊಡ್ಡ ಅನುಕೂಲ. ಅರ್ಜಿಯನ್ನ ಆನ್‌ಲೈನ್‌ನಲ್ಲಿ ಇ-ಜಾಗೃತಿ ಪೋರ್ಟಲ್ ಮೂಲಕವೂ ಸಲ್ಲಿಸಬಹುದು. ನೋಟಿಸು ತಲುಪಿದ ಮೇಲೆ ಎದುರಿನವನಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಮತ್ತೆ 15 ದಿನ. ಕೇಸು 3 ತಿಂಗಳಲ್ಲಿ ಮುಗಿಯಬೇಕು, ಪರೀಕ್ಷೆ ಬೇಕಿದ್ದರೆ 5 ತಿಂಗಳು ಅಂತ ಕಾನೂನು ಹೇಳುತ್ತೆ. ಅಷ್ಟರಲ್ಲೇ ಮುಗಿಯುತ್ತೆ ಅಂತ ಯಾರೂ ನಂಬಿ ಕೂರಬಾರದು. ಆದೇಶ ಬಂದರೂ ರೊಕ್ಕ ಕೊಡದಿದ್ದರೆ ಒಂದು ತಿಂಗಳಿಂದ 3 ವರ್ಷದವರೆಗೆ ಜೈಲು, ಇಲ್ಲವೇ 25 ಸಾವಿರದಿಂದ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಹಾಕಬಹುದು.

ಎರಡು ಅಡಚಣೆ ಇವೆ. ಗೌಂಡಿಗೆ ದಿನದ ಹಾಜರಿ ಕೊಟ್ಟು, ನೀವೇ ನಿಂತು ಹೇಳಿ ಕೆಲಸ ಮಾಡಿಸಿದ್ದರೆ ಅದು "ಸೇವೆ" ಅಲ್ಲ ಅನ್ನೋ ವಾದ ಬರಬಹುದು. ಮತ್ತೆ, ಅಂಗಡಿ ರಿಪೇರಿ ಮಾಡಿಸಿದವರಿಗೆ "ಇದು ವಾಣಿಜ್ಯ ಉದ್ದೇಶ, ನೀವು ಗ್ರಾಹಕರೇ ಅಲ್ಲ" ಅನ್ನೋ ತಕರಾರು ಬರುತ್ತೆ. ಕೆಳಗೆ ಅಂಗಡಿ, ಮೇಲೆ ಮನೆ ಇದ್ದರೆ ಯಾವುದರ ಕೆಲಸ ಮುಖ್ಯವಾಗಿತ್ತು ಅನ್ನೋದರ ಮೇಲೆ ನಿಲ್ಲುತ್ತೆ. ಅಂಥವರು ಮನೆಗೂ ಅಂಗಡಿಗೂ ಕರಾರು, ಬಿಲ್ಲು ಬೇರೆ ಬೇರೆ ಮಾಡಿಸುವುದು ಜಾಣತನ. ಬರೀ ಅಂಗಡಿ ಆದರೆ ಸಿವಿಲ್ ಕೋರ್ಟೇ ದಾರಿ, ಮಿತಿ 3 ವರ್ಷ.

ಕೋರ್ಟು ಬೇಡ, ಮಾತುಕತೆಯಲ್ಲಿ ಮುಗಿಯಲಿ ಅನ್ನುವವರಿಗೆ ಲೋಕ ಅದಾಲತ್ ಇದೆ. ಕೇಸು ಹಾಕುವ ಮುಂಚೆಯೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು, ಶುಲ್ಕ ಇಲ್ಲ. ದೇವದುರ್ಗ, ಮಾನ್ವಿಯವರು ತಮ್ಮ ತಾಲ್ಲೂಕಿನ ಕೋರ್ಟ್‌ನಲ್ಲೇ ವಿಚಾರಿಸಬಹುದು. ಎದುರಿನವನನ್ನ ಕರೆಸಿ ಮಾತಾಡಿಸ್ತಾರೆ. ಅವನು ಒಪ್ಪದಿದ್ದರೆ ಒತ್ತಾಯ ಮಾಡುವ ಹಾಗಿಲ್ಲ. ಒಪ್ಪಿ ಸಹಿ ಹಾಕಿದರೆ ಮಾತ್ರ ಅದು ಕೋರ್ಟ್ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಊರ ಹಿರಿಯರನ್ನ ಕೂಡಿಸಿ ಮಾಡಿದ ಪಂಚಾಯ್ತಿಗೆ ಈ ಬಲ ಇಲ್ಲ. ಹಿರಿಯರ ಮುಂದೆ ಒಪ್ಪಿದ್ದನ್ನೇ ಬರೆಸಿಕೊಂಡು ಲೋಕ ಅದಾಲತ್‌ನಲ್ಲಿ ದಾಖಲು ಮಾಡಿಸಿದರೆ ಎರಡೂ ಕಡೆ ಮರ್ಯಾದೆ ಉಳಿಯುತ್ತೆ, ರೊಕ್ಕವೂ ಬರುವ ದಾರಿ ಇರುತ್ತೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗ್ತಾರೆ. ಸಹಾಯವಾಣಿ 15100. ಗ್ರಾಹಕರ ಸಹಾಯವಾಣಿ 1915.

ರೊಕ್ಕ ವಾಪಸ್ ಕೊಡ್ತೀನಿ ಅಂತ ಗುತ್ತೇದಾರ ಚೆಕ್ ಕೊಟ್ಟರೆ ತಾರೀಖು ನೋಡಿ, 3 ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಬೌನ್ಸ್ ಆದರೆ ಬ್ಯಾಂಕಿನ ಚೀಟಿ ಬಂದ 30 ದಿನದೊಳಗೆ ನೋಟಿಸು, ನೋಟಿಸು ತಲುಪಿ 15 ದಿನ ಕಾದರೂ ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. "ಈ ವಾರ ಹಾಕಬ್ಯಾಡ್ರಿ, ಮುಂದಿನ ವಾರ ಹಾಕ್ರಿ" ಅನ್ನುತ್ತ ಅವಧಿ ದಾಟಿಸುವವರಿದ್ದಾರೆ.

ಗ್ರಾಹಕ ಆಯೋಗಕ್ಕೂ ಅವಧಿ ಇದೆ, ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷ. ನೋಟಿಸಿನ ಮೇಲೆ ನೋಟಿಸು ಕಳಿಸುತ್ತ ಹೋದರೆ ಆ ಅವಧಿ ಬೆಳೆಯಲ್ಲ. ಕೆಲಸ ನಿಂತ ತಾರೀಖನ್ನ ಅಳತೆಯ ಹಾಳೆಯಲ್ಲೇ ಬರೆದಿಟ್ಟಿದ್ದರೆ ಎಣಿಕೆಯಲ್ಲಿ ತಪ್ಪಾಗಲ್ಲ.